ನೋಡಿದ್ರೆ ಗೊತ್ತಾಗುತ್ತೆ

ನಾನು ಹೇಳುವುದೆಲ್ಲ ನಿಜ. ಸುಳ್ಳು ಹೇಳಬೇಕಾಗಿ ಬಂದರೆ ನಾನು ಬೇರೆಯವರ ದನಿಯಲ್ಲಿ ಹೇಳುತ್ತೇನೆ. ಈ ಕಥೆ ಪೂರ್ತಿ ನನ್ನ ಸ್ವಂತ ದನಿಯಲ್ಲಿದೆ, ನಡುವಿನ ಒಂದು ಫೋನ್ ಕರೆಯನ್ನು ಬಿಟ್ಟು. ಆ ಕರೆ ಇಲ್ಲದಿದ್ದರೆ ಕಥೆಯೂ ಇರುತ್ತಿರಲಿಲ್ಲ, ನಮ್ಮ ಮಾವನ ಮನೆಯ ನಲ್ಲಿಯೂ ಮುರಿಯುತ್ತಿರಲಿಲ್ಲ.

ಮೊದಲು ನನ್ನ ಷಡ್ಡಕರ ವಿಚಾರ. ಹೆಂಡತಿಯ ಅಕ್ಕನ ಗಂಡ. ನಿಘಂಟಿನಲ್ಲಿ ಈ ಪದ ಷಡ್ಯಂತ್ರದ ಅಕ್ಕಪಕ್ಕದಲ್ಲೇ ಎಲ್ಲೋ ಕೂತಿರುತ್ತದೆ; ನೋಡಿದಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಅವರದು ಕನ್ನಡಕದ ಅಂಗಡಿ. ದಿನವಿಡೀ ಅಕ್ಕಿಕಾಳಿಗಿಂತ ಸಣ್ಣ ತಿರುಪುಗಳನ್ನು ತಿರುಗಿಸಿ ತಿರುಗಿಸಿ ಅವರ ಬೆರಳುಗಳಿಗೆ ಬೇರೆಯದೇ ಬುದ್ಧಿ ಬಂದುಬಿಟ್ಟಿದೆ. ಅವರ ಕೈಗೆ ಸಿಕ್ಕಿದ್ದೆಲ್ಲ ಸರಿಹೋಗುತ್ತದೆ: ನಿಂತ ಗಡಿಯಾರ, ಕುಂಟುವ ಕುರ್ಚಿ, ಅಳುವ ಮಗು. ಖಾಲಿ ಬಾಟಲಿಯಿಂದ ದೀಪ ಮಾಡುತ್ತಾರೆ, ಹರಿದ ಛತ್ರಿಯಿಂದ ಚೀಲ ಮಾಡುತ್ತಾರೆ. ನಾನು ಅವರನ್ನು ಮನಸ್ಸಿನಲ್ಲೇ ‘ಸಕಲಕಲಾಷಡ್ಡಕ’ ಎಂದು ಕರೆಯುತ್ತೇನೆ, ಬಾಯಲ್ಲಿ ‘ಭಾವ’ ಎನ್ನುತ್ತೇನೆ. ಬೆಳಿಗ್ಗೆ ಅವರು ಹೊಡೆದ ಗೂಟದಿಂದ ಅಂಗಿ ತೆಗೆದು, ಅವರು ಕಿರುಗುಟ್ಟದಂತೆ ಮಾಡಿದ ಬಾಗಿಲು ತೆರೆದು, ಅವರು ಎಣ್ಣೆ ಬಿಟ್ಟ ಸೈಕಲ್ ಹತ್ತಿ ಕಾಲೇಜಿಗೆ ಹೋಗಿ, ಅಲ್ಲಿ ಹುಡುಗರಿಗೆ ಸ್ವಾವಲಂಬನೆಯ ಪಾಠ ಮಾಡುತ್ತೇನೆ.

‘ಭಾವನ್ನ ನೋಡಿ ಕಲೀರಿ’ ಎಂದು ನನ್ನ ಹೆಂಡತಿ ಯಾವತ್ತೂ ಹೇಳಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಮನೆಯಲ್ಲಿ ಏನಾದರೂ ಕೆಟ್ಟರೆ ಅವಳು ನನ್ನ ಕಡೆ ನೋಡುವುದೇ ಇಲ್ಲ. ನೆಟ್ಟಗೆ ಫೋನಿನ ಕಡೆ ನೋಡುತ್ತಾಳೆ.

ನನಗೆ ಬರುವ ವಿದ್ಯೆ ಒಂದೇ. ದನಿ ಕದಿಯುವುದು. ನಮ್ಮ ಪ್ರಿನ್ಸಿಪಾಲರು ಮೂಗಿನಿಂದ ಬೈಯುವುದು, ಕಂಡಕ್ಟರು ‘ಮುಂದೆ ಹೋಗಿ ಮುಂದೆ’ ಎಂದು ಕೂಗುತ್ತ ತಾನು ಮಾತ್ರ ಹಿಂದೆಯೇ ನಿಲ್ಲುವುದು, ಪಕ್ಕದ ಮನೆಯಾಕೆ ಸೊಪ್ಪಿನವನ ಜೊತೆ ಚೌಕಾಸಿ ಮಾಡುವುದು, ಯಾವುದು ಬೇಕಾದರೂ ಮಾಡಿ ತೋರಿಸುತ್ತೇನೆ. ಜನ ನಗುತ್ತಾರೆ. ಆದರೆ ಆ ನಗುವಿನಿಂದ ಒಂದು ತಿರುಪೂ ಬಿಗಿಯಾಗುವುದಿಲ್ಲ. ಇಬ್ಬರೂ ಅಳಿಯಂದಿರೇ, ಅವರ ಕೈಯಲ್ಲಿ ಉಳಿ ಇದೆ, ನಾನು ಅಳಿದುಳಿದ ಅಳಿಯ.

ಇಷ್ಟನ್ನೂ ನುಂಗಿಕೊಂಡಿದ್ದೆ. ಆ ಶನಿವಾರ ಸಂಜೆ ಮಾತ್ರ ನುಂಗಿದ್ದು ಗಂಟಲಲ್ಲೇ ನಿಂತಿತು.

ನಮ್ಮ ಮಗಳು ಎರಡನೇ ಕ್ಲಾಸು. ದುಂಡಗಿದ್ದಾಳೆ, ಕೆಳಗೆ ಬಿಟ್ಟರೆ ಎಲ್ಲಿಗೆ ಉರುಳಿ ಹೋದಳೆಂದು ತಿಳಿಯುವುದಿಲ್ಲ, ಹಾಗಾಗಿ ಅವಳಿಗೆ ಬಟಾಣಿ ಎಂದು ಹೆಸರು. ಸೋಮವಾರ ಶಾಲೆಯಲ್ಲಿ ಗೊಂಬೆಯಾಟ. ನನ್ನ ಒಳ್ಳೆಯ ಕಾಲುಚೀಲಗಳಿಗೆ ಗುಂಡಿ ಹೊಲಿದು ರಾಜ, ಮಂತ್ರಿ ಮತ್ತು ಒಂದು ಕತ್ತೆಯನ್ನು ಅವಳೇ ಮಾಡಿಕೊಂಡಿದ್ದಳು. ಅವು ಆಡುವುದಕ್ಕೆ ಒಂದು ಪುಟ್ಟ ರಂಗಮಂಚ ಬೇಕಿತ್ತು.

“ನಾನು ಮಾಡ್ಕೊಡ್ತೀನಿ ಬಾ” ಎಂದೆ.

ಬಟಾಣಿ ನನ್ನ ಮುಖವನ್ನೇ ನೋಡಿದಳು. ಡಾಕ್ಟರು ರೋಗಿಯನ್ನು ನೋಡುವ ಹಾಗೆ.

“ಬೇಡ ಅಪ್ಪಾ. ನಿಂಗೆ ಬರಲ್ಲ ಅಲ್ವಾ. ಪರವಾಗಿಲ್ಲ. ದೊಡ್ಡಪ್ಪಂಗೆ ಹೇಳಿದೀನಿ, ನಾಳೆ ತಿಂಡಿ ತಿಂದು ಬರ್ತಾರೆ.”

‘ಬರಲ್ಲ’ ಎಂಬುದನ್ನು ಸಹಿಸಬಹುದಿತ್ತು. ಆ ‘ಪರವಾಗಿಲ್ಲ’ ಇದೆಯಲ್ಲ, ಅದು ಹೊಟ್ಟೆಯೊಳಗೆ ಕಡ್ಡಿ ಗೀರಿತು. ನನ್ನ ಮಗಳು ನನ್ನನ್ನು ಕ್ಷಮಿಸಿದ್ದಳು! ಏಳು ವರ್ಷದ ಮಗು ಅಪ್ಪನ ಕೈಲಾಗದ್ದನ್ನೆಲ್ಲ ಒಪ್ಪಿಕೊಂಡು, ಚಿಕ್ಕ ವಯಸ್ಸಿಗೇ ಪ್ರೌಢಳಾಗಿ, ದೊಡ್ಡಪ್ಪನನ್ನು ಗೊತ್ತು ಮಾಡಿಕೊಂಡಿದ್ದಳು. ಆ ರಂಗಮಂಚವನ್ನು ನಾನೇ ಮಾಡಬೇಕು, ಅದೂ ಭಾವ ಬರುವ ಮೊದಲೇ ಮಾಡಿ ಮುಗಿಸಬೇಕು, ಬಟಾಣಿ ಅದನ್ನು ನೋಡಿ ಬಾಯಿ ತೆರೆಯಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಭಾವ ಬರುವುದನ್ನು ತಡೆಯುವುದು ಹೇಗೆ? ಅದಕ್ಕೆ ನಮ್ಮ ಮಾವನಿದ್ದರು.

ಮಾವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಡೀ ಊರಿನ ಮಾತು ಅವರ ಕಿವಿಯ ಮೂಲಕ ಹಾದುಹೋಗಿ, ಮಾತು ಎಂದರೇ ಅವರಿಗೆ ಬೇಸರ ಹುಟ್ಟಿದೆ. ಫೋನು ಇರುವುದು ಕರೆಯುವುದಕ್ಕೆ, ಮಾತಾಡುವುದಕ್ಕಲ್ಲ ಎಂಬುದು ಅವರ ಸಿದ್ಧಾಂತ. ಮೊಬೈಲಿನ ಮೇಲೆ ನಂಬಿಕೆಯಿಲ್ಲ. “ಮೊಬೈಲು ಜೇಬಲ್ಲಿರುತ್ತೆ, ಮನುಷ್ಯ ಎಲ್ಲೋ ಇರ್ತಾನೆ. ಲ್ಯಾಂಡ್‌ಲೈನ್ ಎತ್ತಿದ ಅಂದ್ರೆ ಮನೇಲಿದಾನೆ ಅಂತ ಲೆಕ್ಕ” ಎನ್ನುತ್ತಾರೆ. ಅವರ ಹೆದರಿಕೆಗೆ ನಮ್ಮ ಮೂರೂ ಮನೆಗಳಲ್ಲಿ ಹಳೆಯ ಫೋನುಗಳು ಇನ್ನೂ ಉಸಿರಾಡುತ್ತಿವೆ. ಏನಾದರೂ ಕೆಟ್ಟರೆ ಮಾವ ಫೋನ್ ಮಾಡುತ್ತಾರೆ. ಎರಡು ಸಲ ಕೆಮ್ಮುತ್ತಾರೆ. ಆಮೇಲೆ: “ಹಾಂ. ನಾನು. ಬನ್ನಿ. ನೋಡಿದ್ರೆ ಗೊತ್ತಾಗುತ್ತೆ.” ಟಕ್.

ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಬರುವಾಗ ಏನು ತರಬೇಕು, ಯಾವುದನ್ನೂ ಹೇಳುವುದಿಲ್ಲ. ತಿರುಗಿ ಫೋನ್ ಮಾಡಿ ಕೇಳುವ ಧೈರ್ಯ ಯಾರಿಗೂ ಇಲ್ಲ. ಒಂದು ಸಲ ಹೀಗೇ ಕರೆದಾಗ ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದ್ದೆವು. ಕಿಟಕಿಯ ಮೇಲೆ ಗುಬ್ಬಿ ಗೂಡು ಕಟ್ಟಿತ್ತು, ಅದನ್ನು ತೋರಿಸಿದರು.

ಇಂಥ ದನಿಯನ್ನು ಕದಿಯುವುದು ನನಗೆ ಎಡಗೈ ಕೆಲಸ. ಅತ್ತೆ ಬೇರೆ ತಮ್ಮನ ಮನೆಗೆ ಹೋಗಿದ್ದರು; ಮಾವ ಒಬ್ಬರೇ. ಭಾನುವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಭಾವನ ಮನೆಗೆ ಫೋನ್ ಹಚ್ಚಿ, ಎರಡು ಸಲ ಕೆಮ್ಮಿದೆ.

“ಹಾಂ. ನಾನು. ಬನ್ನಿ. ನೋಡಿದ್ರೆ ಗೊತ್ತಾಗುತ್ತೆ.”

“ಬಂದೆ ಮಾವ” ಎಂದರು ಭಾವ. ಪಾಪ, ಬಾಯಲ್ಲಿ ತಿಂಡಿ ಇತ್ತೆಂದು ಕಾಣುತ್ತದೆ.

ಟಕ್.

ಮಾವ ‘ನಾನು ಕರೀಲಿಲ್ಲ’ ಎಂದು ಅವರನ್ನು ವಾಪಸ್ ಕಳಿಸುತ್ತಾರೆ, ಹೋಗಿ ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ. ಇಷ್ಟೇ ನನ್ನ ಅಂದಾಜು.

ಹೆಂಡತಿ ಸ್ನಾನ ಮುಗಿಸಿ ಬಂದವಳೇ ನನ್ನ ಕೈಗೆ ಚೀಲ ಕೊಟ್ಟಳು. “ಹಾಲು, ತಲೆನೋವಿನ ಮಾತ್ರೆ, ರಿಪೇರಿಗೆ ಕೊಟ್ಟ ನನ್ನ ಚಪ್ಪಲಿ. ಮೂರೇ ಮೂರು. ಮರೆತು ಬಂದ್ರೆ ಆ ಮಾತ್ರೆ ನಂಗಲ್ಲ, ನಿಮಗೇ ಬೇಕಾಗುತ್ತೆ.”

ಹಾಲು ತೆಗೆದುಕೊಂಡು ಸೀದಾ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಭಾನುವಾರ ಅದು ಅರ್ಧ ದಿನ ಮಾತ್ರ. ಅಲ್ಲಿ ನನ್ನ ಸ್ವಂತ ದನಿಯಲ್ಲಿ ಕೇಳಿದರೆ ಮೋಸ ಹೋಗುತ್ತೇನೆಂದು ಗೊತ್ತಿತ್ತು; ಗಂಟಲು ಸರಿಮಾಡಿಕೊಂಡು ಭಾವನ ದನಿಯಲ್ಲಿ, ಆ ಮೆತ್ತಗಿನ, ಅವಸರವಿಲ್ಲದ, ಎಲ್ಲ ಬಲ್ಲವನ ದನಿಯಲ್ಲಿ ಕೇಳಿದೆ.

“ತೆಳು ಪ್ಲೈವುಡ್ ಒಂದು ತುಂಡು ಕೊಡಿ. ಅಂಚು ಒಡೆದಿರಬಾರದು.”

ಅಂಗಡಿಯವನು ತಟ್ಟನೆ ಎದ್ದು ನಿಂತ. ಮರ್ಯಾದೆ ಎಂದರೆ ಇದು! “ಎಷ್ಟು ದಪ್ಪದ್ದು ಸಾರ್? ಒಳಗೆ ಫ್ರೇಮ್ ಕೊಡ್ತೀರೋ, ಹಾಗೇ ಮೂಲೆಗೆ ಮೊಳೆ ಹೊಡೀತೀರೋ?”

ಇಲ್ಲಿ ಸಿಕ್ಕಿಬಿದ್ದೆ. ಭಾವ ಇದಕ್ಕೆ ಏನೆನ್ನುತ್ತಿದ್ದರೋ ನಾನು ಕೇಳಿಲ್ಲ. ಕೇಳದ್ದನ್ನು ಅನುಕರಿಸುವುದು ಹೇಗೆ?

“ಅದು... ಗೊಂಬೆಗೆ” ಎಂದೆ. ದನಿ ತಾನಾಗಿಯೇ ನನ್ನದಾಗಿತ್ತು.

ಅಂಗಡಿಯವನು ನಿಧಾನವಾಗಿ ಮತ್ತೆ ಕೂತುಕೊಂಡ. “ಯಾವುದಾದ್ರೂ ನಡೆಯುತ್ತೆ ಬಿಡಿ. ಗಟ್ಟಿ ಅಂಟು ಒಂದಿದೆ, ಅದನ್ನೇ ತಗೊಂಡ್ಹೋಗಿ. ಮೊಳೆ ಗಿಳೆ ನಿಮಗ್ಯಾಕೆ.”

ನಿಮಗ್ಯಾಕೆ! ಅಂಟಿನ ಜೊತೆಗೆ, ಪಂತಕ್ಕೆ ಬಿದ್ದು, ಒಂದು ಪೊಟ್ಟಣ ಮೊಳೆಯನ್ನೂ, ಗರಗಸವನ್ನೂ, ಕೆಂಪು ಬಣ್ಣವನ್ನೂ ತೆಗೆದುಕೊಂಡೆ. ಮನೆ ಬಾಗಿಲಲ್ಲಿ ಹೆಂಡತಿ ಚೀಲ ನೋಡಿದಳು.

“ಚಪ್ಪಲಿ ಎಲ್ರೀ?”

“ಚಮ್ಮಾರನ ಹತ್ರ ಕ್ಷೇಮವಾಗಿದೆ.”

“ಮಾತ್ರೆ?”

“ಅದು ಔಷಧಿ ಅಂಗಡಿಯಲ್ಲಿ ಇನ್ನೂ ಕ್ಷೇಮ.”

“ಹಾಲು?”

ಹಾಲು ಹಾರ್ಡ್‌ವೇರ್ ಅಂಗಡಿಯ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ನನ್ನ ದಾರಿ ಕಾಯುತ್ತಿತ್ತು. ಹೆಂಡತಿ ಹಳೆಯ ಚಪ್ಪಲಿ ಮೆಟ್ಟಿಕೊಂಡು ತಾನೇ ಹೊರಟಳು. ಅವಳ ಬೆನ್ನು ಹೇಳುವ ಮಾತನ್ನು ಮಾತ್ರ ನಾನು ಇವತ್ತಿಗೂ ಮಿಮಿಕ್ರಿ ಮಾಡಲಾರೆ.

ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಕೆಲಸ ಶುರುಮಾಡಿದೆ. ಬಟಾಣಿ ಕಿಟಕಿಯ ದಂಡೆಗೆ ಗಲ್ಲ ಊರಿ ಬೀದಿ ನೋಡುತ್ತ ನಿಂತಿದ್ದಳು.

“ಯಾರನ್ನ ನೋಡ್ತಿದೀಯ ಮರೀ?”

“ದೊಡ್ಡಪ್ಪನ್ನ.”

“ನಾನು ಇಲ್ಲಿ ಶುರು ಮಾಡಿದೀನಲ್ಲ!”

“ಹ್ಞೂಂ” ಎಂದಳು. ಬಂದು ನನ್ನ ಪಕ್ಕ ನಿಂತು ಒಂದೊಂದೇ ಮೊಳೆ ಎತ್ತಿಕೊಟ್ಟಳು. ನನಗೆ ಬೇಸರವಾಗದಿರಲಿ ಎಂದು ಕೊಟ್ಟಿದ್ದು, ನಂಬಿಕೆಯಿಂದಲ್ಲ. ಐದನೆಯದೋ ಆರನೆಯದೋ ಬಗ್ಗಿದ ಮೇಲೆ ಮತ್ತೆ ಕಿಟಕಿಗೆ ಹೋದಳು.

ಗರಗಸ ನಾನು ಎಳೆದ ಗೆರೆಯನ್ನು ಒಂದು ಸಲಹೆಯ ಹಾಗೆ ಮಾತ್ರ ಸ್ವೀಕರಿಸಿತು. ಮಂಚದ ಎಡಗಾಲು ಒಂದಳತೆ, ಬಲಗಾಲು ಇನ್ನೊಂದು. ಸರಿಮಾಡಲು ಎಡಗಾಲನ್ನು ಕೊಯ್ದೆ, ಬಲಗಾಲು ಉದ್ದವಾಯಿತು. ಬಲಗಾಲನ್ನು ಕೊಯ್ದೆ. ಹೀಗೇ ಬಿಟ್ಟಿದ್ದರೆ ಕೊನೆಗೆ ಗೊಂಬೆಗಳು ನೆಲದಲ್ಲಿ ಮಲಗಿಕೊಂಡೇ ಆಡಬೇಕಾಗುತ್ತಿತ್ತು. ಮೊಳೆಗೂ ನನಗೂ ಸರಿಹೋಗದೆ ಅಂಟಿನ ನಂಟು ಬೆಳೆಸಿದೆ. ಅಂಗಡಿಯವನು ಹೇಳಿದ್ದು ನಿಜ, ಬಹಳ ಗಟ್ಟಿ ಅಂಟು. ಹೆಬ್ಬೆರಳಿಗೂ ತೋರುಬೆರಳಿಗೂ ಮದುವೆ ಮಾಡಿಸಿ, ಬಿಸಿನೀರಿನಲ್ಲಿ ಅದ್ದಿದ ಮೇಲೇ ವಿಚ್ಛೇದನ ಕೊಟ್ಟಿತು.

ಹೆಂಡತಿ ವಾಪಸ್ ಬಂದು ಅಡುಗೆಮನೆ ಸೇರುವ ಹೊತ್ತಿಗೆ ಅಕ್ಕನ ಫೋನು ಬಂತು. ಸ್ಪೀಕರಿಗೆ ಹಾಕಿ ತರಕಾರಿ ಹೆಚ್ಚುತ್ತ ಮಾತಾಡಿದಳು.

“ಏನೇ, ಇವರು ಅಲ್ಲಿಗೆ ಬಂದ್ರಾ?” ಅಕ್ಕನ ದನಿ.

“ಭಾವನಾ? ಇಲ್ವಲ್ಲ. ಬಟಾಣಿ ಬೆಳಗ್ಗೆಯಿಂದ ಕಾಯ್ತಿದಾಳೆ.”

“ಹಾಗಾದ್ರೆ ಇನ್ನೂ ಅಪ್ಪನ ಮನೇಲೇ. ಅಪ್ಪ ಫೋನ್ ಮಾಡಿ ಕರೆದ್ರು, ಹೋದ್ರು. ಅಲ್ಲಿ ಹೋದ್ರೆ ಅಪ್ಪ ‘ನಾನು ಕರೆದ್ನಾ?’ ಅಂದ್ರಂತೆ. ಇವರು ಹೌದು ಅಂದ್ರಂತೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಕರೆದಿದೀನಿ ಅಂದ್ಮೇಲೆ ಏನೋ ಕೆಟ್ಟಿರ್ಬೇಕು, ಹುಡುಕೋಣ ಬನ್ನಿ’ ಅಂದ್ರಂತೆ!”

“ಏನು ಕೆಟ್ಟಿದ್ಯಂತೆ?”

“ಅದನ್ನೇ ಕಣೇ ಹುಡುಕ್ತಿರೋದು! ಎಲ್ಲ ಸ್ವಿಚ್ಚೂ ಹಾಕಿ ತೆಗೆದು ನೋಡಿ ಆಯ್ತಂತೆ. ಈಗ ಬೀರುವಿನ ಬಾಗಿಲುಗಳು ನಡೀತಿವೆಯಂತೆ.”

ಪ್ಲೈವುಡ್ಡಿಗೆ ಮುಖ ಒತ್ತಿ ನಕ್ಕೆ. ಆಹಾ! ಸಕಲಕಲಾಷಡ್ಡಕರು ಕೆಡದೇ ಇರುವ ಮನೆಯನ್ನು ರಿಪೇರಿ ಮಾಡುತ್ತಿದ್ದಾರೆ. ಕೆಟ್ಟದ್ದು ಸಿಕ್ಕುವವರೆಗೂ ಮಾವ ಬಿಡುವವರಲ್ಲ. ನನಗೆ ಇಡೀ ದಿನ ದಕ್ಕಿತ್ತು.

ಊಟದ ಹೊತ್ತಿಗೆ ಇನ್ನೊಂದು ಫೋನು. ಈ ಸಲ ಅಕ್ಕನ ದನಿ ಏರಿತ್ತು. “ಸ್ನಾನದ ಮನೆ ನಲ್ಲಿ ಕಿತ್ತು ಬಂತಂತೆ ಕಣೇ! ಇವರ ಕೈಯಲ್ಲೇ! ಅಪ್ಪ ನೆನೆದು ತೊಪ್ಪೆ. ಮೇಲಿನ ನೀರು ನಿಲ್ಲಿಸಿದಾರೆ. ಹೊಸದು ತರೋಣ ಅಂದ್ರೆ ಅಂಗಡಿ ಮುಚ್ಚಿದೆ. ಸಂಜೆ ಅಪ್ಪನ್ನ ಸ್ನಾನ, ಊಟಕ್ಕೆ ನಿಮ್ಮನೇಗೇ ಕರ್ಕೊಂಡು ಬರ್ತಾರಂತೆ.”

ಭಾವನ ಕೈಯಲ್ಲಿ ನಲ್ಲಿ ಮುರಿದಿದೆ! ಮದುವೆಯಾದಾಗಿನಿಂದ ಇಂಥ ಸಿಹಿ ಸುದ್ದಿ ಕೇಳಿರಲಿಲ್ಲ. ಹೆಂಡತಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ನಾನು ನೋವಿನ ಮುಖ ಮಾಡಿ, “ಪಾಪ, ಅವರಿಗೂ ವಯಸ್ಸಾಯ್ತಲ್ಲ” ಎಂದೆ.

“ನಿಮಗೂ ಅವರಿಗೂ ಎರಡು ವರ್ಷ ರೀ ವ್ಯತ್ಯಾಸ.”

“ನಲ್ಲಿ ಕೈಕೊಟ್ಟರೆ ನಲ್ಲೆ ಯಾಕೆ ನನ್ನ ಮೇಲೆ ಎಗರಬೇಕು?”

“ಮೊದಲು ಮೇಜು ಖಾಲಿ ಮಾಡಿ, ಊಟಕ್ಕಾಯ್ತು” ಎಂದಳು. ನನ್ನ ಶ್ಲೇಷೆಗಳನ್ನು ಅವಳು ಸೊಳ್ಳೆಗಳ ಹಾಗೆ ಕೈಬೀಸಿ ಓಡಿಸುತ್ತಾಳೆ.

ಮಂಚ ಒಂದು ರೂಪಕ್ಕೆ ಬಂದಿತ್ತು. ಮೂರು ಗೋಡೆ, ಮೇಲೊಂದು ಪಟ್ಟಿ, ಹಳೆಯ ದುಪಟ್ಟಾದ ಪರದೆ, ಎಲ್ಲದಕ್ಕೂ ಕೆಂಪು ಬಣ್ಣ. ಎತ್ತಲು ಹೋದೆ. ಏಳಲಿಲ್ಲ. ಇನ್ನಷ್ಟು ಎಳೆದೆ. ಇಡೀ ಮೇಜು ನನ್ನ ಕಡೆ ಒಂದು ಹೆಜ್ಜೆ ಇಟ್ಟಿತು. ಅಂಟು ಕೆಳಗಿಳಿದು, ಪೇಪರನ್ನು ದಾಟಿ, ಮರಕ್ಕೆ ಕಚ್ಚಿಕೊಂಡಿತ್ತು.

ಹೆಂಡತಿ ನೋಡಿದಳು. ತಟ್ಟೆಗಳನ್ನು ನೆಲದ ಮೇಲೆ ಹಾಕಿದಳು. ಮೂವರೂ ನೆಲದಲ್ಲಿ ಕೂತು, ನಮ್ಮ ಮೇಲೆ ನೆರಳು ಚೆಲ್ಲುತ್ತಿದ್ದ ಆ ಕೆಂಪು ಕಟ್ಟಡದ ಅಡಿಯಲ್ಲಿ ಉಂಡೆವು.

ಬಟಾಣಿ ತುತ್ತು ಅಗಿಯುತ್ತ ಬಹಳ ಹೊತ್ತು ಮೇಲೆ ನೋಡಿದಳು. “ಅಪ್ಪಾ, ಅದ್ಯಾಕೆ ನಮಸ್ಕಾರ ಮಾಡ್ತಿದೆ?”

ಮಂಚ ಮುಂದಕ್ಕೆ ಬಾಗಿತ್ತು. ನಿಜಕ್ಕೂ ಕೈಮುಗಿದು ಬಿಟ್ಟುಬಿಡಿ ಎಂದು ಬೇಡಿಕೊಳ್ಳುವವರ ಹಾಗೆ.

“ಪರವಾಗಿಲ್ಲ” ಎಂದಳು ಮತ್ತೆ. “ದೊಡ್ಡಪ್ಪ ಸಂಜೆ ಬರ್ತಾರಲ್ಲ.”

ಆ ಮಧ್ಯಾಹ್ನ ನಾನು ಪಟ್ಟ ಹೊಟ್ಟೆಕಿಚ್ಚಿನಲ್ಲಿ ರಾತ್ರಿಯ ಅಡುಗೆಯನ್ನೂ ಬೇಯಿಸಿಬಿಡಬಹುದಿತ್ತು. ಮನುಷ್ಯನನ್ನು ಊರಾಚೆ ಕಳಿಸಿದರೂ, ಅವನ ಕೈಯಲ್ಲಿ ನಲ್ಲಿ ಮುರಿಸಿದರೂ, ಮಗಳ ಕಿಟಕಿಯಿಂದ ಅವನು ಕದಲುವುದಿಲ್ಲವಲ್ಲ!

ಸಂಜೆ ಅವರಿಬ್ಬರೂ ಬಂದರು. ಬಟಾಣಿ ಓಡಿಹೋಗಿ ದೊಡ್ಡಪ್ಪನ ಕಾಲು ತಬ್ಬಿಕೊಂಡಳು. ಮಾವ ಅವಳ ತಲೆ ಸವರಿ ಒಳಗೆ ಬಂದರು. ಸಾಮಾನ್ಯವಾಗಿ ನಮ್ಮ ಮನೆಗೆ ಬಂದರೆ ಅವರು ಮೊದಲು ಫೋನಿನ ಹತ್ತಿರ ಹೋಗಿ, ರಿಸೀವರ್ ಎತ್ತಿ, ಕಿವಿಗಿಟ್ಟು, ‘ಜೀವ ಇದೆ’ ಎಂದು ಕೆಳಗಿಡುತ್ತಾರೆ. ಇವತ್ತು ಫೋನಿನ ಕಡೆ ನೋಡಲೇ ಇಲ್ಲ. ಸ್ನಾನ ಮಾಡಿ ಬಂದು ಕುರ್ಚಿಯ ತುದಿಯಲ್ಲಿ ಕೂತರು.

“ಇವತ್ತು ಭಾನುವಾರ ತಾನೇ ಮಗಳೇ?”

“ಹೂಂ ಅಪ್ಪಾ, ಯಾಕೆ?”

“ಏನಿಲ್ಲ. ಭಾನುವಾರ.” ಪರೀಕ್ಷೆಯಲ್ಲಿ ಒಂದು ಉತ್ತರ ಸರಿಯಾದ ಹುಡುಗನ ಹಾಗೆ ತಲೆಯಾಡಿಸಿದರು. “ನಿಮ್ಮಮ್ಮ ಬುಧವಾರ ಬರ್ತಾಳೆ. ಬುಧವಾರ. ಬೆಳಗಿನ ಬಸ್ಸಿಗೆ.”

ಭಾವ ಮೇಜಿನ ಮುಂದೆ ನಿಂತಿದ್ದರು. ನಾನು ಬೇಕೆಂದೇ ದೂರದಲ್ಲಿ ನಿಂತೆ.

“ಮೇಷ್ಟ್ರೇ, ಇದು ನೀವೇ ಮಾಡಿದ್ದಾ?”

“ಹೌದು.”

“ಪೂರ್ತಿ?”

“ಮೇಜು ಬಿಟ್ಟು.”

ಅವರು ನಗಲಿಲ್ಲ. ಬಗ್ಗಿ, ಕನ್ನಡಕ ಹಣೆಗೇರಿಸಿ, ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಚೆನ್ನಾಗಿದೆ ರೀ. ಬಲಗಾಲು ಒಂಚೂರು ಯೋಚನೆ ಮಾಡ್ತಿದೆ, ಅಷ್ಟೇ.” ಒಂದು ದಾರ ಕೇಳಿದರು, ಅದನ್ನು ಬಿಸಿನೀರಿನಲ್ಲಿ ಅದ್ದಿ ಮಂಚದ ಅಡಿಗೆ ತೂರಿಸಿ ಅತ್ತಿತ್ತ ಎಳೆದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಂಚ ಮೇಜಿನಿಂದ ಬಿಟ್ಟಿತು. ಹಂಗಿಸಿದ್ದರೆ ಎಷ್ಟು ಚೆನ್ನಾಗಿತ್ತು! ಒಳ್ಳೆಯತನವನ್ನು ದ್ವೇಷಿಸುವುದು ಬಲು ಕಷ್ಟದ ಕೆಲಸ, ಮೈಯೆಲ್ಲ ನೋಯುತ್ತದೆ.

ಕೈ ತೊಳೆಯುವ ನೆವದಲ್ಲಿ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಅರ್ಧ ಮುಚ್ಚಿದರು.

“ಮೇಷ್ಟ್ರೇ, ನಿಮಗೆ ಮಾತ್ರ ಹೇಳ್ತೀನಿ. ಹೆಂಗಸರು ಗಾಬರಿಯಾಗ್ತಾರೆ. ಮಾವಂಗೆ ಮರೆವು ಶುರುವಾಗಿದೆ.”

“ಏನಂದ್ರಿ?”

“ಬೆಳಗ್ಗೆ ಅವರೇ ಫೋನ್ ಮಾಡಿ ಕರೆದಿದಾರೆ. ನಾನು ಹೋಗೋಷ್ಟರಲ್ಲಿ ಕರೆದದ್ದೇ ನೆನಪಿಲ್ಲ. ಒಂದು ಅರ್ಧ ಗಂಟೆ ಕೂಡ ಆಗಿಲ್ಲ ರೀ. ಮುಖ ಬಿಳಿಚಿಕೊಂಡಿತು. ಅವರಣ್ಣನಿಗೂ ಹೀಗೇ ಶುರುವಾಗಿದ್ದಂತೆ, ಕೊನೆಗೆ ಮಕ್ಕಳ ಗುರುತೂ ಸಿಗ್ತಿರಲಿಲ್ಲವಂತೆ. ಅದನ್ನೇ ಹೇಳ್ತಾ ಹೇಳ್ತಾ ಮನೆಯೆಲ್ಲ ಹುಡುಕಿದ್ರು. ಏನೂ ಕೆಟ್ಟಿರಲಿಲ್ಲ. ಒಂದು ಬಲ್ಬು ಕೂಡ. ಎಲ್ಲ ಸರಿ ಇದ್ದಷ್ಟೂ ಮತ್ತೆ ಮೊದಲಿಂದ ಹುಡುಕ್ತಿದ್ರು.”

“ನಲ್ಲಿ...” ಎಂದೆ.

ಭಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾನೇ ಮುರಿದೆ. ಅವರು ಆ ಕಡೆ ತಿರುಗಿದಾಗ ಜೋರಾಗಿ ತಿರುಚಿಬಿಟ್ಟೆ. ‘ನೋಡಿ ಮಾವ, ಇದಕ್ಕೇ ನೀವು ಕರೆದಿದ್ದು, ಸೋರ್ತಿತ್ತು ಅಂತ’ ಅಂದೆ. ಒಳ್ಳೇ ಹಿತ್ತಾಳೆ ನಲ್ಲಿ ರೀ. ಜನ್ಮದಲ್ಲಿ ಒಂದು ವಸ್ತು ಬೇಕಂತ ಮುರಿದವನಲ್ಲ ನಾನು. ಅವರು ನಂಬಿದ್ರೋ ಇಲ್ವೋ ಗೊತ್ತಿಲ್ಲ. ನಾಳೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಬೇಕು. ನೀವೂ ಬರ್ತೀರಾ? ನೀವಿದ್ರೆ ಮಾತಾಡಿಸ್ತಾ ನಗಿಸ್ತಾ ಇರ್ತೀರಿ. ನಂಗೆ ಅದು ಬರಲ್ಲ.”

ನಲ್ಲಿಯ ನೀರು ಅವರ ಬೆರಳುಗಳ ಮೇಲೆ ಬೀಳುತ್ತಿತ್ತು. ನನಗೆ ಮೊದಲು ಬಂದದ್ದು ಪಶ್ಚಾತ್ತಾಪ ಎಂದು ಬರೆಯಬಹುದು. ನಾನು ಸ್ವಂತ ದನಿಯಲ್ಲಿದ್ದೇನೆ, ಹಾಗೆ ಬರೆಯಲಾರೆ. ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಲ್ಲಿ ಮುರಿಯುವುದರಲ್ಲೂ ಈ ಮನುಷ್ಯ ನನಗಿಂತ ಮೇಲಾದರಲ್ಲ! ಅದರ ಹಿಂದೆಯೇ ಮಾವನ ಮುಖ ಬಂತು. ಭಾನುವಾರ ತಾನೇ ಮಗಳೇ.

ಈಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಬಾಗಿಲ ಸಂದಿಯಿಂದ ಬಟಾಣಿ ತಲೆ ತೂರಿಸಿದಳು. “ದೊಡ್ಡಪ್ಪಾ, ಬನ್ನಿ! ಬೀಳ್ತಾ ಇದೆ!” ಇವಳ ಮುಂದೆ ಹೇಗೆ ಹೇಳಲಿ? ಕೈಲಾಗದ ಅಪ್ಪ ಎಂಬುದು ಆಗಲೇ ಗೊತ್ತು. ಇನ್ನು ತಾತನನ್ನು ಹೆದರಿಸಿದ ಅಪ್ಪ ಎಂದೂ ಗೊತ್ತಾಗಬೇಕೇ?

ಮೇಜಿನಿಂದ ಬಿಡುಗಡೆಯಾದ ಮಂಚ ತನ್ನ ಕಾಲ ಮೇಲೆ ನಿಲ್ಲಲು ಒಪ್ಪಲಿಲ್ಲ. ರಿಪೇರಿಗೆ ಭಾವನ ಬಳಿ ಉಪಕರಣಗಳಿರಲಿಲ್ಲ. ಪೆಟ್ಟಿಗೆ ಮಾವನ ಮನೆಯಲ್ಲೇ ಉಳಿದಿತ್ತು. ಬಟಾಣಿ ಸೊಂಟದ ಮೇಲೆ ಕೈಯಿಟ್ಟು ಆಜ್ಞೆ ಹೊರಡಿಸಿದಳು.

“ದೊಡ್ಡಪ್ಪಾ, ನೀವು ಹಿಂದೆ ಕೂತು ಹಿಡ್ಕೊಳ್ಳಿ. ಅಪ್ಪಾ, ನೀನು ಗೊಂಬೆ ಆಡ್ಸು. ನಾನು, ತಾತ, ಅಮ್ಮ ನೋಡ್ತೀವಿ. ಚೆನ್ನಾಗಿದೆಯಾ ಇಲ್ವಾ ಹೇಳ್ತೀವಿ.”

ಮೇಜಿನ ಹಿಂದೆ ಇಬ್ಬರು ಅಳಿಯಂದಿರು ಮಂಡಿಯೂರಿ ಕೂತೆವು. ಭಾವ ಎರಡೂ ಕೈ ಚಾಚಿ ನನ್ನ ಕಟ್ಟಡವನ್ನು ಹಿಡಿದುಕೊಂಡರು. ಹಿಡಿದುಕೊಳ್ಳುವುದರಲ್ಲೂ ಒಂದು ಹದವಿತ್ತು, ಸುಡುಗಾಡಿನದು! ನಾನು ರಾಜನನ್ನು ಎಡಗೈಗೆ, ಕತ್ತೆಯನ್ನು ಬಲಗೈಗೆ ಹಾಕಿಕೊಂಡೆ. ಪರದೆಯ ತೂತಿನಿಂದ ನೋಡಿದೆ. ಹೆಂಡತಿ ಗೋಡೆಗೆ ಒರಗಿದ್ದಳು. ಬಟಾಣಿ ತಾತನ ತೊಡೆಯ ಮೇಲೆ. ಮಾವನ ಕಣ್ಣು ಮಂಚದ ಮೇಲಿರಲಿಲ್ಲ, ತಮ್ಮ ಬೆರಳುಗಳ ಮೇಲಿತ್ತು. ಒಂದೊಂದೇ ಬೆರಳು ಮಡಚುತ್ತ ತುಟಿ ಅಲ್ಲಾಡಿಸುತ್ತಿದ್ದರು. ಯಾರ ಯಾರ ಹೆಸರೋ.

ಪರದೆ ಸರಿಸಿದೆ.

“ಒಂದೂರಲ್ಲಿ ಒಬ್ಬ ರಾಜ. ಅವನಿಗೆ ಒಬ್ಬ ಮಂತ್ರಿ. ಮಂತ್ರಿ ಅಂದ್ರೆ ಎಲ್ಲರಿಗೂ ಇಷ್ಟ. ಅದೇ ಊರಲ್ಲಿ ಒಂದು ಕತ್ತೆ. ಕತ್ತೆಗೆ ಮಂತ್ರಿ ಕಂಡ್ರೆ ಹೊಟ್ಟೆಯುರಿ.”

“ಯಾಕೆ?” ಬಟಾಣಿ ಕೇಳಿದಳು.

“ಮಂತ್ರಿಗೆ ಎಲ್ಲ ಮಾಡೋಕೆ ಬರ್ತಿತ್ತು. ಕತ್ತೆಗೆ ಕೂಗೋದು ಮಾತ್ರ.”

ಬಟಾಣಿ ಕಿಸಕ್ಕನೆ ನಕ್ಕಳು. ನನ್ನ ಪಕ್ಕದಲ್ಲಿ ಭಾವ ತಲೆ ನನ್ನ ಕಡೆ ತಿರುಗಿಸಿದರು.

“ಕತ್ತೆ ಏನು ಮಾಡ್ತು? ಒಂದು ಭಾನುವಾರ ಬೆಳಗ್ಗೆ, ರಾಜ ಇನ್ನೂ ಹಲ್ಲುಜ್ಜೋವಾಗ, ರಾಜನ ದನಿಯಲ್ಲಿ ಮಂತ್ರಿಗೆ ಫೋನ್ ಮಾಡ್ತು.” ಕತ್ತೆಯ ಕಾಲನ್ನು ಕಿವಿಗೆ ಹಚ್ಚಿದೆ. ಎರಡು ಸಲ ಕೆಮ್ಮಿದೆ.

“ಹಾಂ. ನಾನು. ಬನ್ನಿ. ನೋಡಿದ್ರೆ ಗೊತ್ತಾಗುತ್ತೆ.”

ಟಕ್.

ಹೆಂಡತಿ ಗೋಡೆಯಿಂದ ಬೆನ್ನು ತೆಗೆದಳು. ಅವಳ ಮುಖದಲ್ಲಿ ಈಗ ಬರುತ್ತಿದ್ದದ್ದಕ್ಕೆ ತಲೆನೋವಿನ ಮಾತ್ರೆ ಸಾಲುತ್ತಿರಲಿಲ್ಲ. ಮಾವನ ಬೆರಳುಗಳು ಮಡಚಿದಲ್ಲೇ ನಿಂತವು.

“ಏನು ಅದು?” ಎಂದರು. “ಇನ್ನೊಂದ್ಸಲ ಹೇಳಿ.”

ಹೇಳಿದೆ. ಕೆಮ್ಮಿನ ಸಮೇತ.

“ಅಳಿಯಂದ್ರೇ, ಹೊರಗೆ ಬನ್ನಿ.”

ಮೇಜಿನ ಹಿಂದಿನಿಂದ ತಲೆ ಎತ್ತಿದೆ. ಬಲಗೈಯಲ್ಲಿ ಕತ್ತೆ ಇನ್ನೂ ಹಾಗೇ ಇತ್ತು.

“ನಾನು ಕರೀಲಿಲ್ಲ?”

“ಇಲ್ಲ ಮಾವ. ಕರೆದದ್ದು ಕತ್ತೆ.”

“ಫೋನ್ ನಾನು ಮುಟ್ಟೇ ಇಲ್ಲ?”

“ಮುಟ್ಟಿಲ್ಲ. ತಪ್ಪಾಯ್ತು ಮಾವ. ನಿಮಗೆ ಇಷ್ಟು...”

“ಅಯ್ಯೋ!” ಎಂದು ಕೂಗಿದ್ದು ಮಾವ ಅಲ್ಲ, ಮೇಜಿನ ಹಿಂದಿದ್ದ ಭಾವ. “ಹಾಗಾದ್ರೆ ಆ ಒಳ್ಳೇ ನಲ್ಲಿ ನಾನು ಸುಮ್ಸುಮ್ನೆ ಮುರಿದೆನಾ?”

ಮಾವ ಆ ಕಡೆ ತಿರುಗಿದರು. “ನೀವು ಬೇಕಂತ ಮುರಿದ್ರಾ?”

ಭಾವನ ಬಾಯಿ ತೆರೆದೇ ಇತ್ತು. ಎರಡೂ ಕೈ ಮಂಚದಲ್ಲಿ ಸಿಕ್ಕಿಕೊಂಡಿದ್ದರಿಂದ ಮುಚ್ಚಿಕೊಳ್ಳಲೂ ಆಗಲಿಲ್ಲ. “ಅದು... ಮಾವ... ನೀವು ಹುಡುಕ್ತಾ ಇದ್ರಲ್ಲ... ಏನಾದ್ರೂ ಸಿಗಲಿ ಅಂತ...”

ಮಾವ ನನ್ನನ್ನು ನೋಡಿದರು. ಕತ್ತೆಯನ್ನು ನೋಡಿದರು. ಕೆಂಪು ಮಂಚದ ಚೌಕಟ್ಟಿನಲ್ಲಿ ಕೂತಿದ್ದ ಹಿರಿಯಳಿಯನ ಮುಖ ನೋಡಿದರು. ಅವರ ಹೊಟ್ಟೆಯ ಹತ್ತಿರ ಅಂಗಿ ಒಂದು ಸಲ ಅಲುಗಿತು. ಆಮೇಲೆ ಭುಜ. ಸಿಟ್ಟು ಬರುತ್ತಿದೆ ಎಂದುಕೊಂಡು ನಾನು ಕತ್ತೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಅಷ್ಟರಲ್ಲಿ ಬಟಾಣಿ ತಾತನ ತೊಡೆಯಿಂದ ಜಾರಿ ಬಂದು, ನನ್ನ ಕೈಯಿಂದ ಕತ್ತೆಯನ್ನು ಸರಕ್ಕನೆ ಎಳೆದು, ತನ್ನ ಪುಟ್ಟ ಮುಷ್ಟಿಗೆ ಹಾಕಿಕೊಂಡಳು.

“ಹಾಗಲ್ಲ ಅಪ್ಪಾ. ತಾತ ಹೀಗೆ ಹೇಳೋದು.” ಗಲ್ಲವನ್ನು ಕತ್ತಿಗೆ ಒತ್ತಿ, ಹುಬ್ಬು ಇಳಿಸಿ, ಎರಡು ಸಲ ಕೆಮ್ಮಿದಳು. ಎರಡನೆಯ ಕೆಮ್ಮಿನ ಕೊನೆಯಲ್ಲಿ ಒಂದು ಸಣ್ಣ ಗುಟುಕು ಬರುತ್ತದೆ, ಅದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ. “ಹಾಂ. ನಾನು. ಬನ್ನಿ. ನೋಡಿದ್ರೆ ಗೊತ್ತಾಗುತ್ತೆ.”

ನನಗಿಂತ ಚೆನ್ನಾಗಿ! ಹೆಮ್ಮೆಯಿಂದ ಎದೆ ಉಬ್ಬಬೇಕಾದ ಜಾಗದಲ್ಲಿ ಹೊಟ್ಟೆ ಸಣ್ಣಗೆ ಚುರುಕ್ ಎಂದಿತು. ಸುಳ್ಳು ಯಾಕೆ ಹೇಳಲಿ.

ಮಾವ ಕುರ್ಚಿಯ ಹಿಂದಕ್ಕೆ ಬಿದ್ದರು. ಮೊದಲು ದನಿಯೇ ಬರಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ಆಮೇಲೆ ಬಂತು. ಭಾವ ನಕ್ಕರು, ಅವರ ಕೈ ನಡುಗಿ ಮಂಚ ಗಡಗಡ ಅಂದಿತು. ಹೆಂಡತಿಯೂ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು, ನನಗಿರುವ ಶಾಸ್ತಿಯನ್ನು ಆಮೇಲಕ್ಕೆ ಎತ್ತಿಟ್ಟು. ಮಾವನ ನಗು ಎಲ್ಲವನ್ನೂ ಮೀರಿ, ಕೆಮ್ಮಿಗೆ ತಿರುಗಿ, ಕೆಮ್ಮಿನಿಂದ ಮತ್ತೆ ನಗುವಿಗೆ ಮರಳಿ, ಮನೆಯ ಬಾಗಿಲು ದಾಟಿ ಬೀದಿಗೆ ಹೋಯಿತು. ಎದುರು ಮನೆಯ ಕಿಟಕಿ ತೆರೆದುಕೊಂಡಿತು.

“ಮರೆತಿಲ್ಲ!” ಎಂದು ತೊಡೆ ತಟ್ಟಿಕೊಂಡರು, ಕಣ್ಣೀರು ಒರೆಸಿಕೊಂಡರು. “ಏನೂ ಮರೆತಿಲ್ಲ ಕಣ್ರೋ ನಾನು! ಒಂದು ಕತ್ತೆ ಕರೀತು, ಇನ್ನೊಂದು ನಲ್ಲಿ ಮುರೀತು! ಪುಟ್ಟೀ, ಇನ್ನೊಂದ್ಸಲ, ಇನ್ನೊಂದ್ಸಲ ಕೆಮ್ಮು...”

ಬಟಾಣಿ ಕೆಮ್ಮಿದಳು. ಮಾವ ಕುರ್ಚಿಯಿಂದ ಕೆಳಗಿಳಿದು, ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.